ಮಲ್ಲಿಗೆಯ ಪಕ್ಕದ ಕತ್ತರಿ

ಪ್ರಾಥಮಿಕ ಶಾಲೆಯ ಡ್ರಾಯಿಂಗ್ ಟೀಚರ್ ಎಂದರೆ ಯಾರು ಎಂದು ಗೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಗಣಿತದ ಪಾಠ ಮುಗಿಯದಿದ್ದಾಗ ಯಾರ ಪೀರಿಯಡನ್ನು ಕೇಳದೆ ತೆಗೆದುಕೊಳ್ಳಬಹುದೋ ಅವಳೇ ಡ್ರಾಯಿಂಗ್ ಟೀಚರ್. ವಾರ್ಷಿಕೋತ್ಸವಕ್ಕೆ ಥರ್ಮೋಕೋಲ್ ಕೊರೆಯುವವಳು, ಸ್ಮರಣಿಕೆಯ ಮೇಲೆ ಅತಿಥಿಗಳ ಹೆಸರು ಬರೆಯುವವಳು, ಆ ಅತಿಥಿ ಕೊನೆಯ ಗಳಿಗೆಯಲ್ಲಿ ಕೈಕೊಟ್ಟರೆ ಹೆಸರು ಕೆರೆದು ಇನ್ನೊಬ್ಬರದು ಬರೆಯುವವಳು. ಒಮ್ಮೆ ಫಿನಾಯಿಲ್ ಡಬ್ಬಿಯ ಮೇಲೆ ‘ವಿಷ’ ಎಂದು ಬರೆದುಕೊಡಲು ಹೇಳಿದ್ದರು. ಅಕ್ಷರ ಎಷ್ಟು ಚೆಂದ ಬಂತೆಂದರೆ ಒಂದನೇ ಕ್ಲಾಸಿನ ಮಕ್ಕಳು ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಡಬ್ಬಿಯನ್ನು ಕಪಾಟಿನ ಮೇಲಕ್ಕೆ ಇಡಬೇಕಾಯಿತು. ಇಷ್ಟೆಲ್ಲ ಆಗಿ ಹೊತ್ತು ಉಳಿದರೆ ಚಿತ್ರಕಲೆಯನ್ನೂ ಕಲಿಸಬಹುದು, ಯಾರ ಆಕ್ಷೇಪವೂ ಇಲ್ಲ.

ನಾನು ಮೂರು ಶಾಲೆಗಳ ಡ್ರಾಯಿಂಗ್ ಟೀಚರ್. ವಾರದ ಆರು ದಿನವನ್ನು ಬಂಟ್ವಾಳದ ಕಡೆ ಒಂದು, ಬೆಳ್ತಂಗಡಿಯ ಕಡೆ ಒಂದು, ಶಿರ್ತಾಡಿಯ ಕಡೆ ಒಂದು ಎಂದು ಹಂಚಿಕೊಂಡಿದ್ದೇನೆ. ಈಗ ಬರೆಯುತ್ತಿರುವುದು ಬುಧವಾರ ಹೋಗುವ ಶಾಲೆಯ ಕತೆ. ಮೂರರಲ್ಲಿ ಅದು ಯಾವುದು ಎಂದು ಹೇಳುವುದಿಲ್ಲ. ಮೂವರು ಹೆಡ್ಮಾಸ್ಟರರೂ ‘ಇದು ನನ್ನದಲ್ಲ’ ಎಂದುಕೊಂಡು ಸುಖವಾಗಿ ನಿದ್ರೆ ಮಾಡಲಿ.

ಮೂರು ಶಾಲೆಗೂ ಸೇರಿ ನನಗೊಬ್ಬ ವೈರಿ ಇದ್ದಾನೆ. ಅವನೇ ಎರಡು ಗುಡ್ಡದ ನಡುವಿನ ಸೂರ್ಯ. ‘ನಿಮಗೆ ಇಷ್ಟವಾದ ಚಿತ್ರ ಬಿಡಿಸಿ’ ಎಂದು ಹೇಳಿ ತಿರುಗುವಷ್ಟರಲ್ಲಿ ನಲವತ್ತು ಹಾಳೆಗಳಲ್ಲಿ ಎಂಬತ್ತು ಗುಡ್ಡಗಳು ಎದ್ದು ನಿಂತಿರುತ್ತವೆ. ನಡುವೆ ಸೂರ್ಯ, ಕೆಳಗೆ ನದಿ, ನದಿಯ ಪಕ್ಕ ಹೊಗೆಗೂಡಿನ ಮನೆ, ಒಂದು ತೆಂಗಿನಮರ, ಮೇಲೆ ನಾಲ್ಕು ಹಕ್ಕಿ. ಬೆಳ್ತಂಗಡಿಯ ಮಕ್ಕಳಿಗಾದರೂ ಕ್ಷಮೆ ಉಂಟು, ಅವರಿಗೆ ಘಟ್ಟದ ಹಿಂದಿನಿಂದ ಸೂರ್ಯ ಬರುವುದು ನಿಜವಾಗಿಯೂ ಕಾಣುತ್ತದೆ. ಬಂಟ್ವಾಳದ ಮಕ್ಕಳಿಗೆ ಏನಾಗಿದೆ? ನೇತ್ರಾವತಿಯ ಸೇತುವೆ ದಾಟಿಯೇ ಶಾಲೆಗೆ ಬರುತ್ತಾರೆ, ಬಂದು ಕೂತ ಮೇಲೆ ಗುಡ್ಡದ ಸಂದಿಯಿಂದ ನಲ್ಲಿ ನೀರಿನ ಹಾಗೆ ಇಳಿಯುವ ನದಿಯನ್ನೇ ಬಿಡಿಸುತ್ತಾರೆ. ಒಬ್ಬ ಹುಡುಗನ ಅಪ್ಪ ದುಬೈಯಿಂದ ನಲವತ್ತೆಂಟು ಬಣ್ಣಗಳ ಪೆಟ್ಟಿಗೆ ಕಳಿಸಿದ್ದರು. ಇಡೀ ಶಾಲೆ ಬಂದು ನೋಡಿ ಹೋಯಿತು. ನಲವತ್ತೆಂಟು ಬಣ್ಣ ಕೈಯಲ್ಲಿಟ್ಟುಕೊಂಡು ಅವನು ಬಿಡಿಸಿದ್ದೂ ಅದೇ ಎರಡು ಗುಡ್ಡ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಅವರ ಅಪ್ಪ ಅಮ್ಮಂದಿರೂ ಅದನ್ನೇ ಬಿಡಿಸಿದವರು, ಅವರಿಗೆ ‘ಗುಡ್’ ಹಾಕಿದ್ದು ನನ್ನಂಥ ಟೀಚರುಗಳೇ. ಗುಡ್ಡದ ಚಿತ್ರವನ್ನು ಗೋಡೆಗೆ ಹಾಕುವುದಿಲ್ಲ, ಅದಕ್ಕೆ ಒಳ್ಳೆಯ ಮಾತು ಬರೆಯುವುದಿಲ್ಲ ಎಂದು ನಾನೊಂದು ನಿಯಮ ಮಾಡಿಕೊಂಡಿದ್ದೆ. ಅದೊಂದೇ ನನ್ನ ಪೌರುಷ.

ಬುಧವಾರದ ಶಾಲೆಯ ಐದನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಮಾತ್ರ ಒಂದು ದಿನವೂ ಗುಡ್ಡ ಬಿಡಿಸಲಿಲ್ಲ. ಅವಳಿಗೆ ಕಂಡದ್ದು ಬಿಟ್ಟು ಬೇರೆ ಬರುತ್ತಲೇ ಇರಲಿಲ್ಲ. ಬಸ್ಸಿನ ಕಂಡಕ್ಟರ್ ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ ಸಿಕ್ಕಿಸಿಕೊಂಡ ಕೈ ಬಿಡಿಸಿದಳು, ಬರೀ ಕೈ. ಬಿಸಿಯೂಟದ ಅಕ್ಕ ಸಾರಿನ ಸೌಟನ್ನು ಪಾತ್ರೆಯ ಅಂಚಿಗೆ ಬಡಿಯುವುದನ್ನು ಬಿಡಿಸಿದಳು. ಇನ್ನೊಂದು ದಿನ ನನ್ನ ಚಪ್ಪಲಿಯನ್ನು ಬಿಡಿಸಿದ್ದಳು, ಅದರ ಪಟ್ಟಿಗೆ ನಾನು ಚುಚ್ಚಿಕೊಂಡಿದ್ದ ಸೇಫ್ಟಿ ಪಿನ್ ಸಮೇತ. ಆ ಪಿನ್ ಯಾರಿಗೂ ಕಾಣುವುದಿಲ್ಲ ಎಂದು ನಾನು ಎರಡು ತಿಂಗಳಿಂದ ನಂಬಿದ್ದೆ. ನಾಚಿಕೆಯಾಯಿತು, ಆದರೆ ಅದಕ್ಕಿಂತ ಹೆಚ್ಚು ಖುಷಿಯಾಯಿತು. ಚಿತ್ರವನ್ನು ಗೋಡೆಗೆ ಹಾಕಿದೆ, ಮರುದಿನವೇ ಹೊಸ ಚಪ್ಪಲಿ ಕೊಂಡೆ.

ಹೀಗಿರುವಾಗ ತಾಲೂಕಿನ ಶಾಲೆಗಳಿಗೆಲ್ಲ ಒಂದು ಚಿತ್ರಸ್ಪರ್ಧೆಯ ಸುತ್ತೋಲೆ ಬಂತು. ವಿಷಯ ‘ನನ್ನ ಅಮ್ಮ’. ಪ್ರತಿ ಶಾಲೆಯಿಂದ ಮೂರು ಚಿತ್ರ ಕಳಿಸಬೇಕು. ಬಂದ ಎಲ್ಲ ಚಿತ್ರಗಳನ್ನೂ ಒಂದು ಸಭಾಭವನದಲ್ಲಿ ತೂಗುಹಾಕುತ್ತಾರೆ, ಬಿಡಿಸಿದ ಮಕ್ಕಳ ಅಮ್ಮಂದಿರನ್ನೂ ಕರೆಯುತ್ತಾರೆ. ಇದನ್ನು ಕ್ಲಾಸಿನಲ್ಲಿ ಓದಿ ಹೇಳಿದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಇದೇ ಹುಡುಗಿ. ಆಯ್ಕೆಯಾದರೆ ಅಮ್ಮ ಬರಲೇಬೇಕಾ ಎಂದು ಕೇಳಿದಳು. ಬರಬೇಕು ಎಂದೆ. ಆಮೇಲೆ ಗೊತ್ತಾಯಿತು, ಅವಳ ಅಮ್ಮ ಆವರೆಗೆ ಶಾಲೆಯ ಯಾವ ಸಭೆಗೂ ಬಂದವರಲ್ಲ. ಬೀಡಿ ಕಟ್ಟುವವರು. ಅರ್ಧ ದಿನ ಎದ್ದು ಬಂದರೆ ಸಂಜೆ ಬೀಡಿ ಕಂಪನಿಯ ಬ್ರಾಂಚಿಗೆ ಕೊಡಬೇಕಾದ ಬೀಡಿ ಮುಗಿಯುವುದಿಲ್ಲ. ಅಮ್ಮನನ್ನು ಒಂದು ಸಲ ಕರೆದುಕೊಂಡು ಬಂದು ಅಮ್ಮನ ಚಿತ್ರದ ಮುಂದೆ ನಿಲ್ಲಿಸಬೇಕು ಎಂಬುದು ಹುಡುಗಿಯ ಆಸೆ. ಪ್ರೈಸಿನ ವಿಷಯ ಅವಳು ಕೇಳಲೇ ಇಲ್ಲ.

ಮುಂದಿನ ವಾರ ಅಮ್ಮಂದಿರು ಬಂದು ನನ್ನ ಮೇಜಿನ ಮೇಲೆ ರಾಶಿ ಬಿದ್ದರು. ಎಲ್ಲರೂ ಕ್ಯಾಲೆಂಡರಿನಿಂದ ಎದ್ದು ಬಂದವರು. ದಿನವಿಡೀ ನೈಟಿಯಲ್ಲಿ ಓಡಾಡುವ ಅಮ್ಮಂದಿರು ಜರಿಸೀರೆ ಉಟ್ಟಿದ್ದರು, ಬುರ್ಖಾ ಹಾಕಿಕೊಂಡು ಸ್ಕೂಟರಿನಲ್ಲಿ ಮಕ್ಕಳನ್ನು ಬಿಡಲು ಬರುವ ಅಮ್ಮ ಕೂಡ ಕೈಯಲ್ಲಿ ಗುಲಾಬಿ ಹಿಡಿದು ನಿಂತಿದ್ದರು. ಎಲ್ಲರಿಗೂ ಒಂದೇ ಮೂಗು, ಒಂದೇ ನಗು. ಒಬ್ಬ ಅಮ್ಮನ ಹಿಂದೆ ಎರಡು ಗುಡ್ಡಗಳೂ ಇದ್ದವು, ಬಿಟ್ಟುಹೋದೀತು ಎಂಬ ಹೆದರಿಕೆಯಿಂದ.

ಹುಡುಗಿಯ ಹಾಳೆ ಎಲ್ಲಕ್ಕಿಂತ ಕೆಳಗಿತ್ತು. ಜಗಲಿಯಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತ ಹೆಂಗಸು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಬೀಡಿ ಎಲೆ, ಹೊಗೆಸೊಪ್ಪಿನ ಹುಡಿ, ಎಲೆಯನ್ನು ಅಳತೆಗೆ ಕತ್ತರಿಸಲು ಇಡುವ ತಗಡಿನ ತುಂಡು, ಕಟ್ಟಿ ಮುಗಿಸಿದ ಬೀಡಿಗಳ ಸಾಲು. ಪಕ್ಕದಲ್ಲಿ ಒಂದು ಕತ್ತರಿ, ಬೆರಳು ನೋಯದ ಹಾಗೆ ಅದರ ಹಿಡಿಗೆ ಕೆಂಪು ಬಟ್ಟೆಯ ಪಟ್ಟಿ ಸುತ್ತಿತ್ತು. ಬಲಗೈಯ ಹೆಬ್ಬೆರಳು ಬೀಡಿಯ ತಲೆಯನ್ನು ಒಳಕ್ಕೆ ಮಡಚುತ್ತಿತ್ತು. ಮುಖವೇ ಇರಲಿಲ್ಲ. ತಲೆ ಬಗ್ಗಿದ್ದರಿಂದ ಬೈತಲೆ ಕಾಣುತ್ತಿತ್ತು, ಅಷ್ಟೆ. ಅಮ್ಮನ ಮುಖ ಯಾಕೆ ಬಿಡಿಸಲಿಲ್ಲ ಎಂದು ಕೇಳಿದೆ.

“ಅಮ್ಮ ನನಗೆ ಹೀಗೇ ಕಾಣುದು ಟೀಚರ್,” ಎಂದಳು.

ಅವಳ ಪೆಟ್ಟಿಗೆಯಲ್ಲಿದ್ದದ್ದು ಹನ್ನೆರಡು ಬಣ್ಣ. ಅದರಲ್ಲಿ ಕಂದು ಬಣ್ಣದ ಕಡ್ಡಿ ತಿಕ್ಕಿ ತಿಕ್ಕಿ ಉಗುರಿನಷ್ಟಾಗಿತ್ತು. ನಾನು ಆ ಚಿತ್ರವನ್ನು ಬಹಳ ಹೊತ್ತು ನೋಡಿದೆ. ನನ್ನ ಅಮ್ಮನೂ ಬೀಡಿ ಕಟ್ಟಿದವಳು. ನಾನು ಚಿತ್ರಕಲೆ ಕಲಿಯಲು ಹೋದದ್ದು, ಬ್ರಷ್ಷು ಬಣ್ಣ ಕೊಂಡದ್ದು, ಈಗ ದೊಡ್ಡ ಜನರ ಹಾಗೆ ಕಲೆಯ ಬಗ್ಗೆ ಮಾತಾಡುವುದು, ಎಲ್ಲ ಅಂಥದೇ ಒಂದು ಗೆರಸೆಯ ಪುಣ್ಯ. ಚಿತ್ರದ ಹಿಂದೆ ಹುಡುಗಿಯ ಹೆಸರು, ತರಗತಿ ಬರೆದು ಮೂರರ ಕಟ್ಟಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟೆ.

ಹೆಡ್ಮಾಸ್ಟರರು ಒಳ್ಳೆಯವರು. ಸಿಟ್ಟು ಕಡಿಮೆ, ಹೆದರಿಕೆ ಹೆಚ್ಚು. ಮೇಲಿನವರಿಂದ ಫೋನ್ ಬಂದರೆ ಕುರ್ಚಿಯಿಂದ ಎದ್ದು ನಿಂತು ಮಾತಾಡುವವರು. ಕಟ್ಟು ಬಿಚ್ಚಿ ಮೊದಲ ಚಿತ್ರ ನೋಡಿದವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ಕಿಟಕಿಯ ಕಡೆ ಕೈ ತೋರಿಸಿದರು. ಕಿಟಕಿಯ ಆಚೆ ಶಾಲೆಯ ಗೇಟು, ಗೇಟಿನ ಪಕ್ಕದ ಗೋಡೆಯಲ್ಲಿ ‘ಇದು ತಂಬಾಕು ಮುಕ್ತ ಶಾಲೆ’ ಎಂಬ ಬರಹ, ಬರಹದ ಮೇಲೆ ಕೆಂಪು ವೃತ್ತ, ವೃತ್ತದೊಳಗೊಂದು ಬೀಡಿ, ಬೀಡಿಯ ಮೇಲೆ ಅಡ್ಡಗೆರೆ. ಬರೆದವಳು ನಾನೇ. ಮಾದರಿಗೆಂದು ಅಟೆಂಡರ್ ತನ್ನ ಜೇಬಿನಿಂದಲೇ ಒಂದು ಬೀಡಿ ತೆಗೆದುಕೊಟ್ಟಿದ್ದ, ಬರೆದು ಮುಗಿದ ಮೇಲೆ ಅದನ್ನು ವಾಪಸು ತೆಗೆದುಕೊಂಡಿದ್ದ.

“ಇದನ್ನು ಕಳಿಸಿದರೆ ನನ್ನ ಕತೆ ಎಂತ ಆದೀತು, ಟೀಚರ್?” ಎಂದರು.

ನಾನು ಸುಮ್ಮನಿರಲಿಲ್ಲ. ಇಲ್ಲಿನ ಅರ್ಧ ಮಕ್ಕಳ ಅಮ್ಮಂದಿರು ಬೀಡಿ ಕಟ್ಟುವವರು, ಹುಡುಗಿ ಸೇದುವುದನ್ನು ಬಿಡಿಸಿಲ್ಲ, ಕೆಲಸವನ್ನು ಬಿಡಿಸಿದ್ದಾಳೆ ಎಂದೆ. ನೀವು ಕೂತ ಈ ಆಫೀಸಿನ ಹೊರಗಿರುವ ಬೆಂಚುಗಳನ್ನು ದಾನ ಮಾಡಿದ್ದು ಬೀಡಿ ಕಾಂಟ್ರಾಕ್ಟರ್, ಬೆಂಚಿನ ಬೆನ್ನಿಗೆ ಅವರ ಹೆಸರು ಬರೆದದ್ದೂ ನಾನೇ ಎಂದೆ. ಅದು ಬೆಂಚು, ಇದು ಚಿತ್ರ ಎಂದರು. ಅದಕ್ಕೆ ಉತ್ತರ ನಿಮ್ಮಲ್ಲಿದ್ದರೆ ಹೇಳಿ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆಯನ್ನು ಇದೇ ಶಾಲೆಯ ಗೋಡೆಯ ಮೇಲೆ ನಾನು ಬರೆದಿಲ್ಲ, ಯಾಕೆಂದರೆ ಬರೆಯಲು ಯಾರೂ ಹೇಳಿಲ್ಲ. ‘ಸತ್ಯವೇ ದೇವರು’ ಎಂದು ಬರೆದಿದ್ದೇನೆ, ನೀರಿನ ಟ್ಯಾಂಕಿಯ ಮೇಲೆ.

ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ಬೀಡಿಯ ಜಾಗದಲ್ಲಿ ಮಲ್ಲಿಗೆ ಹಾಕಿಬಿಡುವ ಎಂದರು. ಬೀಡಿಯಾದರೂ ಮಲ್ಲಿಗೆಯಾದರೂ ಹೆಂಗಸರು ಕೂತು ಕಟ್ಟುವುದೇ ಅಲ್ಲವಾ, ಅಮ್ಮನೂ ಉಳಿಯುತ್ತಾರೆ, ಶಾಲೆಯೂ ಉಳಿಯುತ್ತದೆ, ನೀವು ಬಣ್ಣದ ಕೆಲಸ ಗೊತ್ತಿದ್ದವರು, ಹತ್ತು ನಿಮಿಷದ ಕೆಲಸ. ಇಲ್ಲದಿದ್ದರೆ ಗುಲಾಬಿ ಹಿಡಿದ ಅಮ್ಮನನ್ನು ಕಳಿಸುವ.

ಇಲ್ಲಿ ನಾನು ‘ಆಗುವುದಿಲ್ಲ ಸರ್’ ಎಂದೆ ಎಂದು ಬರೆಯಬಹುದಿತ್ತು. ಓದುವವರಿಗೆ ನನ್ನ ಮೇಲೆ ಗೌರವ ಬರುತ್ತಿತ್ತು. ಆದರೆ ನಾನು ಆ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತು ಪೋಸ್ಟರ್ ಬಣ್ಣದ ಬಿಳಿ ಡಬ್ಬಿ ತೆರೆದೆ. ಚಿತ್ರ ಹೋಗದೇ ಇದ್ದರೆ ಅವಳ ಅಮ್ಮ ಬರುವುದಿಲ್ಲ, ಅಮ್ಮ ಬರಬೇಕೆಂಬುದೇ ಅವಳ ಆಸೆ, ಹಾಗಾಗಿ ಇದು ಅವಳಿಗೋಸ್ಕರ ಎಂದು ನನಗೆ ನಾನೇ ಹೇಳಿಕೊಂಡೆ. ಎಷ್ಟು ಲಾಯಕ್ಕಾದ ನೆಪ ನೋಡಿ. ಹುಡುಗಿ ಆಗ ಎದುರಿನ ಕ್ಲಾಸಿನಲ್ಲೇ ಕೂತು ಮಗ್ಗಿ ಹೇಳುತ್ತಿದ್ದಳು. ಕರೆದು ಕೇಳಲು ಹತ್ತು ಹೆಜ್ಜೆ ನಡೆದರೆ ಸಾಕಿತ್ತು. ಕೇಳಿದರೆ ಬೇಡ ಎನ್ನುತ್ತಾಳೆ ಎಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ.

ಹುಡಿಯ ರಾಶಿ ಮೊಗ್ಗಿನ ರಾಶಿಯಾಯಿತು. ಎಲೆಗೆ ಹಸಿರು ಕೊಟ್ಟು ಬಾಳೆಎಲೆಯ ತುಂಡು ಮಾಡಿದೆ. ಕಟ್ಟಿದ ಬೀಡಿಗಳ ಸಾಲು ಮಲ್ಲಿಗೆಯ ಮಾಲೆಯಾಯಿತು, ಕೈಯಲ್ಲಿದ್ದ ಬೀಡಿ ಒಂದು ಮೊಗ್ಗಾಯಿತು. ಕೈ ಪಳಗಿದ್ದರಿಂದ ತಿದ್ದಿದ್ದು ಗೊತ್ತೇ ಆಗಲಿಲ್ಲ, ಅದೊಂದು ಹೆಮ್ಮೆ ಬೇರೆ. ಹೆಡ್ಮಾಸ್ಟರರು ನೋಡಿ, ಪರಿಮಳ ಬರುತ್ತದೆ ಟೀಚರ್ ಎಂದರು. ಐದು ಗಂಟೆಯ ಬಸ್ಸು ಹಿಡಿಯುವ ಅವಸರದಲ್ಲಿದ್ದ ನನಗೆ ಕತ್ತರಿ ಕಾಣಲಿಲ್ಲ, ತಗಡಿನ ತುಂಡೂ ಕಾಣಲಿಲ್ಲ. ಎರಡೂ ಇದ್ದಲ್ಲೇ ಉಳಿದವು. ಹೆಬ್ಬೆರಳು ಕೂಡ ಹಾಗೆಯೇ ಉಳಿಯಿತು, ಬೀಡಿಯ ತಲೆ ಮಡಚುವ ಹಾಗೆ. ಮಲ್ಲಿಗೆ ಕಟ್ಟುವ ಯಾವ ಹೆಂಗಸೂ ಹೆಬ್ಬೆರಳನ್ನು ಹಾಗೆ ಒತ್ತುವುದಿಲ್ಲ. ಬೀಡಿ ಕಟ್ಟುವವಳ ಮಗಳಾಗಿ ನನಗೆ ಅದಾದರೂ ಗೊತ್ತಿರಬೇಕಿತ್ತು.

ಮುಂದಿನ ಬುಧವಾರ, ಚಿತ್ರ ಆಗಲೇ ಕಳಿಸಿಯಾದ ಮೇಲೆ, ಸ್ವಲ್ಪ ತಿದ್ದಿದ್ದೇನೆ ಎಂದು ಹುಡುಗಿಗೆ ಹೇಳಿದೆ. ಸ್ವಲ್ಪ ಎಂದರೆ ಎಷ್ಟು ಎಂದು ಅವಳು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಸೆಲೆಕ್ಟ್ ಆಗಿದೆ ಎಂದದ್ದೇ ತಡ, ಅವಳ ಮುಖ ಅರಳಿತು. ಅಮ್ಮನಿಗೆ ಹೇಳುತ್ತೇನೆ ಎಂದು ಓಡಿದಳು. ಎರಡು ದಿನ ರಾತ್ರಿ ಸ್ವಲ್ಪ ಹೆಚ್ಚು ಕಟ್ಟಿ ಆ ದಿನಕ್ಕೆ ಬಿಡುವು ಮಾಡಿಕೊಳ್ಳುತ್ತಾರಂತೆ ಎಂದು ಮರುವಾರ ಬಂದು ವರದಿ ಒಪ್ಪಿಸಿದಳು.

ಚಿತ್ರಕ್ಕೆ ಮೊದಲ ಬಹುಮಾನ ಬಂತು. ತೀರ್ಪು ಕೊಟ್ಟವರು ನಿವೃತ್ತರಾದ ಒಬ್ಬ ಚಿತ್ರಕಲಾ ಉಪನ್ಯಾಸಕರು, ಜುಬ್ಬಾ, ಹೆಗಲಿಗೆ ಚೀಲ, ಮಾತಿಗೆ ನಿಂತರೆ ಕೆಳಗೆ ಇಳಿಸುವವರು ಬೇಕು. ವೇದಿಕೆಯ ಮೇಲೆ ಚಿತ್ರವನ್ನು ಎತ್ತಿ ಹಿಡಿದು ವಿವರಿಸಿದರು. ಹೂವಿನ ಪಕ್ಕದಲ್ಲಿ ಕತ್ತರಿ ಯಾಕೆ ಇದೆ, ಯೋಚಿಸಿ ಎಂದರು. ಎಲ್ಲರೂ ಯೋಚಿಸುವವರ ಹಾಗೆ ಕೂತರು. ಕೋಮಲತೆಯ ಪಕ್ಕದಲ್ಲೇ ಕಾಠಿನ್ಯವನ್ನು ಇಟ್ಟಿದ್ದಾಳೆ ಈ ಮಗು ಎಂದರು. ತಗಡಿನ ತುಂಡನ್ನು ಕನ್ನಡಿ ಎಂದರು, ಹೆಣ್ಣಿನ ಅಂತರಂಗದ ಕನ್ನಡಿ. ಮುಖ ಇಲ್ಲದಿರುವುದಕ್ಕಂತೂ ಕಾಲು ಗಂಟೆ ಬೇಕಾಯಿತು. ಹೆಡ್ಮಾಸ್ಟರರು ಮುಂದಿನ ಸಾಲಿನಿಂದ ತಿರುಗಿ ನನ್ನ ಕಡೆ ನೋಡಿ ತಲೆ ಆಡಿಸಿದರು. ಸಭೆಗೆ ಮೊದಲೇ ಚಿತ್ರವನ್ನು ಹತ್ತಿರದಿಂದ ನೋಡಿ ಹಿಂದಿನ ಸಾಲಿನಲ್ಲಿ ಕೂತ ನಾಲ್ಕೈದು ಅಮ್ಮಂದಿರು ಒಬ್ಬರನ್ನೊಬ್ಬರು ತಿವಿದುಕೊಂಡು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಅವರಿಗೆ ಕತ್ತರಿಯೂ ಗೊತ್ತಿತ್ತು, ತಗಡೂ ಗೊತ್ತಿತ್ತು, ಹೆಬ್ಬೆರಳೂ ಗೊತ್ತಿತ್ತು. ಇಡೀ ಸಭೆಯಲ್ಲಿ ಚಿತ್ರ ಓದಲು ಬಂದದ್ದು ಅವರಿಗೆ ಮಾತ್ರ.

ಸಭೆ ಮುಗಿದ ಮೇಲೆ ಹುಡುಗಿ ಅಮ್ಮನ ಕೈ ಹಿಡಿದು ಚಿತ್ರದ ಹತ್ತಿರ ಕರೆದುಕೊಂಡು ಬಂದಳು. ಬಸ್ಸು ತಡವಾಗಿ ಭಾಷಣ ಮುಗಿಯುವ ಹೊತ್ತಿಗೆ ಬಂದಿದ್ದರಿಂದ ಇಬ್ಬರಿಗೂ ಚಿತ್ರ ಸರಿಯಾಗಿ ಕಂಡಿರಲಿಲ್ಲ. ಅಮ್ಮ ಪೆಟ್ಟಿಗೆಯಿಂದ ತೆಗೆದ ಸೀರೆ ಉಟ್ಟಿದ್ದರು, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ. ಹುಡುಗಿ ಮೊದಲು ನೋಡಿದಳು. ನೋಡಿ, ನನ್ನ ಕಡೆ ತಿರುಗಿದಳು. ಅಮ್ಮನ ಕೈ ಬಿಟ್ಟಳು. ಅಮ್ಮ ಹತ್ತಿರ ಹೋಗಿ ಬಗ್ಗಿ, ಕೆಂಪು ಪಟ್ಟಿ ಸುತ್ತಿದ ಕತ್ತರಿಯ ಮೇಲೆ ಬೆರಳಿಟ್ಟರು.

“ಕತ್ತರಿ ನಮ್ಮದೇ,” ಎಂದರು. “ಹೆಂಗಸು ಯಾರು?”

ಹುಡುಗಿ ನೆಲ ನೋಡುತ್ತಿದ್ದಳು. ಅಮ್ಮ ಅವಳನ್ನು ತುಳುವಿನಲ್ಲಿ ಮೆಲ್ಲಗೆ ಕೇಳಿದರು, ಬೀಡಿ ಕಟ್ಟುವುದನ್ನು ತೋರಿಸಲು ನಾಚಿಕೆಯಾಯಿತಾ ಎಂದು. ಸಿಟ್ಟಿನಿಂದ ಕೇಳಿದ್ದಲ್ಲ. ಆಗಿದ್ದರೂ ತಪ್ಪೇನಿಲ್ಲ ಎನ್ನುವವರ ಹಾಗೆ ಕೇಳಿದರು. ಮಗಳ ಮೇಲೆ ಆ ಮಾತು ನಿಲ್ಲಬಾರದು ಎಂದು, ಅವಳು ಬೀಡಿಯನ್ನೇ ಬಿಡಿಸಿದ್ದಳು, ಮಲ್ಲಿಗೆ ಹಾಕಿದ್ದು ನಾನು ಎಂದು ಹೇಳಿಬಿಟ್ಟೆ. ಹೆಡ್ಮಾಸ್ಟರರ ಹೆಸರು ಎತ್ತಲಿಲ್ಲ. ಬ್ರಷ್ ಹಿಡಿದದ್ದು ಅವರಲ್ಲವಲ್ಲ.

ಹುಡುಗಿಯ ಅಮ್ಮ ನನ್ನನ್ನು ಬೈದಿದ್ದರೆ ಬದುಕುತ್ತಿದ್ದೆ.

“ಬೀಡಿ ಇದ್ದಿದ್ದರೆ ಪ್ರೈಸ್ ಸಿಗ್ತಿರಲಿಲ್ಲ ಅಲ್ವಾ ಟೀಚರ್?” ಎಂದು ಕೇಳಿದರು.

ಸ್ಪರ್ಧೆಗೇ ಹೋಗುತ್ತಿರಲಿಲ್ಲ ಎಂದೆ. ಅವರು ಹೌದು ಎನ್ನುವಂತೆ ತಲೆ ಆಡಿಸಿದರು. ಅವರಿಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ಮಗಳ ತಲೆ ಸವರಿ, ನಾನು ಇರುವಾಗಲೇ, ನನಗೂ ಕೇಳಿಸಲಿ ಎಂದು ಕನ್ನಡದಲ್ಲೇ ಹೇಳಿದರು.

“ಟೀಚರಿಗೆ ಗೊತ್ತಿರ್ತದೆ. ಇನ್ನು ಟೀಚರ್ ಹೇಳಿದ ಹಾಗೇ ಬಿಡಿಸು, ಆಯ್ತಾ?”

ಅಷ್ಟರಲ್ಲಿ ಫೋಟೋಕ್ಕೆ ಕರೆದರು. ಫೋಟೋದಲ್ಲಿ ಹೆಡ್ಮಾಸ್ಟರರು, ಜುಬ್ಬಾದವರು, ನಾನು, ನಮ್ಮ ನಡುವೆ ಚಿತ್ರ ಹಿಡಿದ ಹುಡುಗಿ. ಅಮ್ಮ ಇಲ್ಲ, ಅವರು ಬಸ್ಸಿನ ಹೊತ್ತಾಯಿತೆಂದು ಚಪ್ಪಲಿ ಹುಡುಕುತ್ತಿದ್ದರು. ಆ ಫೋಟೋ ಈಗ ಆಫೀಸಿನ ಗೋಡೆಯಲ್ಲಿದೆ, ಅದರ ಕೆಳಗಿನ ಅಕ್ಷರವೂ ನನ್ನದೇ.

ಮರುವಾರ ಬುಧವಾರ ಗಣಿತದ ಟೀಚರು ಪೀರಿಯಡ್ ಕೇಳಿದರು. ನಾನು ಕೊಡಲಿಲ್ಲ, ಇಷ್ಟು ವರ್ಷಗಳಲ್ಲಿ ಮೊದಲ ಸಲ. ಐದನೇ ಕ್ಲಾಸಿಗೆ ಹೋಗಿ ಇಷ್ಟವಾದ ಚಿತ್ರ ಬಿಡಿಸಿ ಎಂದೆ. ಹುಡುಗಿಯ ಹತ್ತಿರ ಹೋಗಿ, ನಿನಗೆ ಕಂಡದ್ದು ಏನು ಬೇಕಾದರೂ ಬಿಡಿಸು, ನಾನು ಮುಟ್ಟುವುದಿಲ್ಲ ಎಂದು ಪ್ರತ್ಯೇಕವಾಗಿ ಹೇಳಿದೆ. ಅವಳಿಗೆಂದು ಕೊಂಡು ತಂದಿದ್ದ ಹೊಸ ಕಂದು ಬಣ್ಣದ ಕಡ್ಡಿಯನ್ನೂ ಕೊಟ್ಟೆ. ಇಸ್ಕೊಂಡಳು, ಥ್ಯಾಂಕ್ಸ್ ಟೀಚರ್ ಎಂದಳು. ನಾನು ಬೇಕೆಂದೇ ಹಿಂದಿನ ಬೆಂಚಿನ ಕಡೆ ಹೋಗಿ ನಿಂತೆ.

ಗಂಟೆ ಹೊಡೆಯುವ ಸ್ವಲ್ಪ ಮೊದಲು ಹಾಳೆ ತಂದುಕೊಟ್ಟಳು. ಎರಡು ಗುಡ್ಡ. ನಡುವೆ ಸೂರ್ಯ. ನದಿ, ಹೊಗೆಗೂಡಿನ ಮನೆ, ತೆಂಗಿನಮರ, ನಾಲ್ಕು ಹಕ್ಕಿ. ಕ್ಲಾಸಿನ ನಲವತ್ತು ಮಕ್ಕಳಲ್ಲಿ ಯಾರೂ ಅಷ್ಟು ನೀಟಾಗಿ ಬಿಡಿಸಿರಲಿಲ್ಲ. ಗುಡ್ಡಕ್ಕೆ ಹೊಸ ಕಂದು ಬಣ್ಣವನ್ನು ಎಲ್ಲೂ ಗೆರೆ ದಾಟದ ಹಾಗೆ ತುಂಬಿದ್ದಳು.

“ಇದರಲ್ಲಿ ಅಳಿಸ್ಲಿಕ್ಕೆ ಎಂತದೂ ಇಲ್ಲ ಅಲ್ವಾ ಟೀಚರ್?” ಎಂದು ಕೇಳಿದಳು.

ಕುಹಕವಲ್ಲ, ಹತ್ತು ವರ್ಷದ ಮಕ್ಕಳಿಗೆ ಅದು ಬರುವುದಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು. ನಾನು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದೆ. ಅಳಿಸುವಂಥದ್ದು ಏನೂ ಇರಲಿಲ್ಲ. ಕೆಂಪು ಪೆನ್ನು ತೆಗೆದು ಮೂಲೆಯಲ್ಲಿ ‘ಗುಡ್’ ಎಂದು ಬರೆದು ಅವಳ ಕೈಗೆ ಕೊಟ್ಟೆ.